ಸ್ಮಿತ್ ಬಿಟ್ಟು ಗ್ಯಾಲಿಗನ್ ಹಿಂದೆ ಬಿದ್ದೆ

ನನ್ನ ಅತ್ತೆ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಯವರು. ತವರಿನ ಹೆಸರು ಸ್ಮಿತ್. 'ನಾವು ಐರಿಷ್ ಜನ' ಎಂದು ಅವರು ಹೇಳಿದಾಗಲೆಲ್ಲ ಯಾರಾದರೂ ನಗುತ್ತಿದ್ದರು. ಸ್ಮಿತ್ ಅಂದರೆ ಅಪ್ಪಟ ಇಂಗ್ಲಿಷ್ ಹೆಸರು, ಅಲ್ವಾ? ಅತ್ತೆಯ ವಂಶದ ಮೂಲ ಹುಡುಕಲು ಹೊರಟೆ. ಇಂಥ ಹುಡುಕಾಟದಲ್ಲಿ ಪಳಗಿದ ಇಬ್ಬರು ಗೆಳೆಯರೂ ಆಗಲ್ಲ ಎಂದು ಕೈ ಆಡಿಸಿಬಿಟ್ಟರು. 'ಹೆಸರು ಸ್ಮಿತ್, ಮೇಲೆ ಐರ್ಲೆಂಡ್. 1922ರಲ್ಲಿ ಡಬ್ಲಿನ್‌ನಲ್ಲಿ ಹಳೆಯ ದಾಖಲೆಗಳೆಲ್ಲ ಸುಟ್ಟುಹೋದವು. ಸುಮ್ನೆ ದುಡ್ಡು ಹಾಳು.'

ಆರು ವರ್ಷದ ಮೇಲೆ ಆ ಗೆಳೆಯರಿಗೆ ಅತ್ತೆಯ ಪೂರ್ವಜರಿದ್ದ ಮನೆಯ ನಂಬರ್ ಕಳಿಸಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಐರ್ಲೆಂಡಿನ ಕ್ಯಾವನ್ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಸ್ಮಿತ್‌ಗಳು ಗುಂಪುಗುಂಪಾಗಿ ಸಿಗುತ್ತಾರೆ. ಅವರಲ್ಲಿ ಬಹಳಷ್ಟು ಜನ ಮೂಲದಲ್ಲಿ ಮ್ಯಾಕ್ ಗೌನ್, ಅಂದರೆ ಕಮ್ಮಾರನ ಮಗ. ಇಂಗ್ಲಿಷ್ ಆಡಳಿತದ ಕಾಲದಲ್ಲಿ ಹೆಸರೇ ಅನುವಾದ ಆಗಿಹೋಯಿತು. ನಮ್ಮ ಉತ್ತರ ಕರ್ನಾಟಕದ ಕಮ್ಮಾರ ಎಂಬ ಅಡ್ಡಹೆಸರಿನವರನ್ನು ಯಾರೋ ಗುಮಾಸ್ತ ಸ್ಮಿತ್ ಎಂದು ಬರೆದುಕೊಂಡ ಹಾಗೆ. ಇದು ಗೊತ್ತಿದ್ದೂ ಮೊದಲ ಎರಡು ವರ್ಷ ನಾನು ಸ್ಮಿತ್ ಹೆಸರನ್ನೇ ಹುಡುಕುತ್ತಾ ಕೂತಿದ್ದೆ. ದಾಖಲೆ ತಾಣಗಳಿಗೆ ಚಂದಾ ಕಟ್ಟಿದ್ದು ಸುಮಾರು 25 ಸಾವಿರ. ವಿದೇಶದ ಒಬ್ಬ ಸಂಶೋಧಕರಿಗೆ ಕೊಟ್ಟಿದ್ದು ಹತ್ತಿರ ಹತ್ತಿರ 40 ಸಾವಿರ. ಬಂದಿದ್ದು ಹನ್ನೆರಡು ಪುಟ, ಜೊತೆಗೆ ಬಣ್ಣದ ಒಂದು 'ಸ್ಮಿತ್ ಲಾಂಛನ'. ಲಾಂಛನ ಕೊಡುತ್ತಿದ್ದದ್ದು ವ್ಯಕ್ತಿಗೆ, ಅಡ್ಡಹೆಸರಿಗಲ್ಲ. ಆ ಪುಟ ನೋಡಿದಾಗಲೇ ದುಡ್ಡು ಹೋಯಿತು ಅಂತ ಗೊತ್ತಾಯಿತು.

ಇನ್ನೊಂದು ವರ್ಷ ಹಾಳಾಗಿದ್ದು ನನ್ನ ದಡ್ಡತನದಿಂದ. ಮೂಲಪುರುಷ ಮದ್ರಾಸ್ ಯುರೋಪಿಯನ್ ರೆಜಿಮೆಂಟಿನ ಸಿಪಾಯಿ. ಆ ಪಡೆ 1862ರಲ್ಲಿ ರಾಣಿಯ 102ನೇ ರೆಜಿಮೆಂಟ್ ಆಯಿತು, 1881ರಲ್ಲಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಆಯಿತು. ನಾನು ಆ ಕೊನೆಯ ಹೆಸರು ಹಿಡಿದು ಲಂಡನ್ನಿನ ಕ್ಯೂ ಎಂಬಲ್ಲಿನ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ವಾರ್ ಆಫೀಸ್ ಕಡತಗಳಲ್ಲಿ ತಡಕಿದೆ. ಆದರೆ ಅವನು ಸೇರಿದಾಗ ಅದು ಈಸ್ಟ್ ಇಂಡಿಯಾ ಕಂಪನಿಯ ಪಡೆ. ಅವನ ಕಾಗದ ಇರೋದು ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ ದಾಖಲೆಗಳಲ್ಲಿ. ಒಂದು ವರ್ಷ ಬೇರೆಯವರ ಹಿತ್ತಲಲ್ಲಿ ನಿಧಿ ಅಗೆದ ಹಾಗಾಯಿತು.

ಕೊನೆಗೆ ದಾರಿ ತೋರಿಸಿದ್ದು ಬೆಂಗಳೂರು ದಂಡಿನ ಒಂದು ಮದುವೆ ದಾಖಲೆ. 1852 ಇರಬೇಕು. ವರನ ತಂದೆಯ ಹೆಸರು ಇತ್ತು, ಊರು ಇರಲಿಲ್ಲ. ಕೆಳಗೆ ಸಾಕ್ಷಿಯಾಗಿ ಗ್ಯಾಲಿಗನ್ ಎಂಬುವನ ಗುರುತು. ಸಹಿಯಲ್ಲ, ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಗ್ಯಾಲಿಗನ್ ಕ್ಯಾವನ್ ಕಡೆಯದೇ ಹೆಸರು, ಸ್ಮಿತ್ ಹಾಗೆ ಎಲ್ಲ ಕಡೆ ಸಿಗಲ್ಲ. ನಾನು ಸ್ಮಿತ್‌ನನ್ನು ಬಿಟ್ಟು ಇವನ ಹಿಂದೆ ಬಿದ್ದೆ. ಗೆಳೆಯರು ಮತ್ತೆ ನಕ್ಕರು. ಮದುಮಗನನ್ನು ಬಿಟ್ಟು ಸಾಕ್ಷಿಯ ವಂಶಾವಳಿ ಯಾಕಪ್ಪಾ?

ಲಂಡನ್‌ನಲ್ಲಿ ಓದುತ್ತಿದ್ದ ಪರಿಚಯದ ಹುಡುಗಿಗೆ ಎರಡು ಕಿಲೋ ಮೈಸೂರು ಪಾಕ್ ಕಳಿಸಿದೆ. ಅವಳು ಲೈಬ್ರರಿಯಲ್ಲಿ ಮದ್ರಾಸ್ ಸೇನೆಯ ಪುಸ್ತಕಗಳ ಫೋಟೋ ತೆಗೆದಳು, ಇನ್ನೂರಕ್ಕೂ ಜಾಸ್ತಿ. ಸ್ಮಿತ್, ಗ್ಯಾಲಿಗನ್ ಇಬ್ಬರೂ ಒಂದೇ ಹಡಗಿನಲ್ಲಿ ಬಂದವರು. ಇಬ್ಬರದೂ ಕೌಂಟಿ ಕ್ಯಾವನ್, ಕಸುಬು ನೇಕಾರಿಕೆ. ವಯಸ್ಸು 20, 21.

ಇಲ್ಲಿ ಅದೃಷ್ಟವೂ ಇತ್ತು, ಒಪ್ಪಿಕೊಳ್ಳುತ್ತೇನೆ. 1821ರ ಐರಿಷ್ ಜನಗಣತಿ ಬಹುಪಾಲು ಬೂದಿಯಾಗಿದ್ದರೂ ಕ್ಯಾವನ್‌ನ ಕೆಲವು ಪ್ಯಾರಿಷ್‌ಗಳ (ಚರ್ಚ್ ವ್ಯಾಪ್ತಿಯ ಊರುಗಳ ಗುಂಪು) ಪುಸ್ತಕ ಉಳಿದಿವೆ. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಅವು ಪುಕ್ಕಟೆ. 40 ಸಾವಿರ ಕೊಟ್ಟಾಗ ನನಗೆ ಇದನ್ನು ಯಾರೂ ಹೇಳಿರಲಿಲ್ಲ! ಸ್ಮಿತ್ ಎಂದು ಹುಡುಕಿದರೆ ಸಾಲುಸಾಲಾಗಿ ಬರುತ್ತವೆ. ಗ್ಯಾಲಿಗನ್‌ಗಳ ಪಟ್ಟಿ ಮಾಡಿ, ಅಕ್ಕಪಕ್ಕದ ಮನೆ ಮಾತ್ರ ನೋಡುತ್ತಾ ಹೋದೆ. ಒಂದು ಎಲ್, ಎರಡು ಎಲ್, ಕೊನೆಯಲ್ಲಿ ಎ, ಕೊನೆಯಲ್ಲಿ ಇ, ಎಲ್ಲ ಕಾಗುಣಿತವನ್ನೂ ಪ್ರಯತ್ನಿಸಬೇಕು. ಇನ್ನೆರಡು ವಿಚಿತ್ರ ಕಾಗುಣಿತ ಇವೆ, ಅವನ್ನು ನೀವೇ ಕಂಡುಕೊಳ್ಳಿ. ಹನ್ನೊಂದು ರಾತ್ರಿ ಹಿಡಿಯಿತು.

ಕಿಲ್ಲಿಂಕಿಯರ್ ಪ್ಯಾರಿಷ್. ಒಂದು ಮನೆ ಗ್ಯಾಲಿಗನ್, ಮುಂದಿನದು ಸ್ಮಿತ್. ಯಜಮಾನನ ಹೆಸರು ಮದುವೆ ದಾಖಲೆಯ ತಂದೆಯದೇ. ಹೆಂಡತಿ ಅಗಸೆ ನಾರು ನೂಲುವವಳು. ಎರಡು ವರ್ಷದ ಒಂದು ಗಂಡುಮಗು, ಹೆಸರೂ ಸರಿ. ಪಕ್ಕದ ಮನೆಯಲ್ಲಿ ಒಂದು ವರ್ಷ ದೊಡ್ಡವನೊಬ್ಬ. ರಾತ್ರಿ ಎರಡೂವರೆಗೆ ಹೆಂಡತಿಯನ್ನು ಎಬ್ಬಿಸಿದೆ, ಬೈಸಿಕೊಂಡೆ. ಆ ಪ್ಯಾರಿಷ್ ಒಳಗಿನ ಊರಿನ ಹೆಸರು ಮಾತ್ರ ಇಲ್ಲಿ ಬರೆಯಲ್ಲ. ಅಲ್ಲಿ ಇನ್ನೂ ಕೆಲಸ ಬಾಕಿ ಇದೆ.

ನಡುವೆ ಒಂದು ಪ್ರಯೋಗ ಬೇರೆ ಮಾಡಿದ್ದೆ. ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ ಡಿಎನ್‌ಎ ಪರೀಕ್ಷೆ, 37 ಮಾರ್ಕರ್‌ನದು, ಅಂದರೆ 37 ಗುರುತುಗಳನ್ನು ಹೋಲಿಸುವಂಥದ್ದು. ಅದಕ್ಕೆ ಅತ್ತೆಯ ತಮ್ಮನೇ ಬೇಕು. ಕೆನ್ನೆಯ ಒಳಗೆ ಕಡ್ಡಿ ಉಜ್ಜಲು ಅವರು ಒಪ್ಪಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಒಂದು ಬಾಟಲಿ ಕೊಂಡೊಯ್ದ ಮೇಲೆ ಒಪ್ಪಿದರು. ಅಂಚೆ ಸೇರಿ 11 ಸಾವಿರದ ಆಸುಪಾಸು. ಹೊಂದಿದ್ದು ನಾಲ್ಕು ಜನ: ಮೂವರು ಸ್ಮಿತ್, ಒಬ್ಬ ಮ್ಯಾಕ್‌ಗೋವನ್, ಅಂದರೆ ಅದೇ ಮ್ಯಾಕ್ ಗೌನ್. 37 ಮಾರ್ಕರ್‌ನಿಂದ ಊರು ಗೊತ್ತಾಗಲ್ಲ. ಆದರೂ ಆ ಮ್ಯಾಕ್‌ಗೋವನ್ ಹೆಸರು ಕಂಡಾಗ ನನಗೆ ಸಮಾಧಾನ ಆಯಿತು.

ಒಟ್ಟು ಖರ್ಚು 90 ಸಾವಿರದ ಹತ್ತಿರ. ಮನೆಯಲ್ಲಿ 60 ಎಂದು ಹೇಳಿದ್ದೇನೆ. ಈಗ ಮಾಡುವುದಾದರೆ ಮೈಸೂರು ಪಾಕ್ ಸೇರಿ ಐದು ಸಾವಿರದಲ್ಲಿ ಮುಗಿಸುತ್ತಿದ್ದೆ.

ಅತ್ತೆಗೆ ಪ್ರಿಂಟ್ ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. 'ನಾನು ಮೊದಲೇ ಹೇಳಿರಲಿಲ್ವಾ' ಎಂದರು. ಆಮೇಲೆ, 'ಈ ಗ್ಯಾಲಿಗನ್ ಏನಾದ?' ಎಂದು ಕೇಳಿದರು. ಮದುವೆಯ ಆ ದಾಖಲೆ ಆದಮೇಲೆ ಅವನ ಹೆಸರು ನನಗೆ ಎಲ್ಲೂ ಸಿಕ್ಕಿಲ್ಲ. ಹೋದ ತಿಂಗಳಿಂದ ಮದ್ರಾಸ್ ಪ್ರಾಂತ್ಯದ ಸಮಾಧಿ ದಾಖಲೆಗಳನ್ನು ಒಂದೊಂದೇ ವರ್ಷ ನೋಡುತ್ತಿದ್ದೇನೆ. 1857ಕ್ಕೆ ಬಂದಿದ್ದೇನೆ.