ಎಚ್‌ಆರ್‌ವಿನಾ, ಇಆರ್‌ವಿನಾ? ಮೊದಲು ಕಿಟಕಿ ನೋಡಿ

ಕೆನಡಾದಲ್ಲಿ ಮನೆ ತಗೊಂಡ ನಮ್ಮವರ ಫೋನು ನವೆಂಬರ್ ಬಂತೆಂದರೆ ಶುರು. "ಕಿಟಕಿ ಗಾಜಿಂದ ನೀರು ಇಳೀತಾ ಇದೆ, ಏನ್ಮಾಡೋದು?" ಇಲ್ಲಾ ಅಂದ್ರೆ ಇದರ ಉಲ್ಟಾ. "ಬಾಗಿಲ ಹಿಡಿ ಮುಟ್ಟಿದರೆ ಚುರ್ ಅಂತ ಶಾಕ್, ಮಗುವಿಗೆ ಮೂಗಲ್ಲಿ ರಕ್ತ." ಎರಡಕ್ಕೂ ಅಂಗಡಿಯವನು ಒಂದೇ ಪೆಟ್ಟಿಗೆ ತೋರಿಸುತ್ತಾನೆ, ಮನೆಯ ಹಳೇ ಗಾಳಿ ಹೊರಗೆ ಹಾಕಿ, ಅದರ ಬಿಸಿ ಉಳಿಸಿಕೊಂಡು ಹೊಸ ಗಾಳಿ ತರುವ ಯಂತ್ರ. ಆದರೆ ಇದರಲ್ಲಿ ಎರಡು ಬಗೆ: ಎಚ್‌ಆರ್‌ವಿ (ಹೀಟ್ ರಿಕವರಿ ವೆಂಟಿಲೇಟರ್) ಮತ್ತು ಇಆರ್‌ವಿ (ಎನರ್ಜಿ ರಿಕವರಿ ವೆಂಟಿಲೇಟರ್). ಅಲ್ಲೇ ಎಡವಟ್ಟಾಗುವುದು.

ನಮ್ಮದೇ ಕಥೆ ಕೇಳಿ. ಎಡ್ಮಂಟನ್‌ನಲ್ಲಿ ಮನೆ ತಗೊಂಡ ಮೊದಲ ಚಳಿಗಾಲ, ಅಪ್ಪ ಅಮ್ಮ ಊರಿಂದ ಬಂದಿದ್ದರು. ಒಟ್ಟು ಆರು ಜನ. ಬೆಳಗಾದರೆ ಇಡ್ಲಿ ಪಾತ್ರೆ, ಕುಕ್ಕರ್ ಸೀಟಿ, ಆರು ಸ್ನಾನ, ಸಾಲದ್ದಕ್ಕೆ ಅಮ್ಮ ಬೇಸ್‌ಮೆಂಟಿನಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಹೊರಗೆ ಮೈನಸ್ 28. ಜನವರಿ ಹೊತ್ತಿಗೆ ಕಿಟಕಿಯ ಕೆಳ ಅಂಚಲ್ಲಿ ಬೆರಳು ದಪ್ಪ ಐಸ್, ಅದು ಕರಗಿದ ಮೇಲೆ ಕಪ್ಪು ಬೂಷ್ಟು. ಅಮ್ಮ ದಿನಾ ಹಳೇ ಪಂಚೆ ತುಂಡಲ್ಲಿ ಒರೆಸಿ ಬಕೆಟಿಗೆ ಹಿಂಡುತ್ತಿದ್ದರು. ಮನೆಯಲ್ಲಿ ಯಂತ್ರ ಇರಲಿಲ್ಲವಾ? ಇತ್ತು, ಒಳ್ಳೆಯದೇ ಇತ್ತು. ಆದರೆ ಅದು ಹಿಂದಿನ ಮಾಲೀಕರು, ವಯಸ್ಸಾದ ಗಂಡ ಹೆಂಡತಿ, ತಮ್ಮಿಬ್ಬರಿಗೆ ಅಂತ ಹಾಕಿಸಿದ್ದ ಇಆರ್‌ವಿ. ನಾವು ಹೊರಗೆ ಕಳಿಸುವ ತೇವದಲ್ಲಿ ಒಂದು ಪಾಲನ್ನು ಅದು ಶ್ರದ್ಧೆಯಿಂದ ವಾಪಸ್ ತಂದು ಕೊಡುತ್ತಿತ್ತು.

ವ್ಯತ್ಯಾಸ ಇಷ್ಟೇ. ಎರಡೂ ಒಂದು ಪೆಟ್ಟಿಗೆ, ಎರಡು ಫ್ಯಾನ್, ನಾಲ್ಕು ಪೈಪ್. ಬಚ್ಚಲ ಕಡೆಯ ಹಳೇ ಗಾಳಿ ಹೊರಗೆ ಹೋಗುತ್ತದೆ, ಹೊಸ ಗಾಳಿ ಒಳಗೆ ಬರುತ್ತದೆ, ನಡುವೆ ತೆಳು ಪದರಗಳ ಒಂದು ಕೋರ್. ಗಾಳಿ ಬೆರೆಯುವುದಿಲ್ಲ, ಬಿಸಿ ಮಾತ್ರ ಈ ಕಡೆಯಿಂದ ಆ ಕಡೆ ದಾಟುತ್ತದೆ. ಒಳಗೆ 20, ಹೊರಗೆ ಮೈನಸ್ 20 ಇದ್ದು, ಯಂತ್ರ 75% ಬಿಸಿ ಉಳಿಸಿದರೆ ಹೊಸ ಗಾಳಿ ಸುಮಾರು 10 ಡಿಗ್ರಿಗೆ ಬೆಚ್ಚಗಾಗಿ ಬರುತ್ತದೆ. ಇದು ಎಚ್‌ಆರ್‌ವಿ. ಇಆರ್‌ವಿಯಲ್ಲಿ ಬಿಸಿಯ ಜೊತೆ ತೇವವೂ ದಾಟುತ್ತದೆ. (ಇದೇನು ಹೊಸ ಐಡಿಯಾ ಅಲ್ಲ. 1977ರಲ್ಲಿ ರೆಜೈನಾದಲ್ಲಿ ಕಟ್ಟಿದ ಸಸ್ಕ್ಯಾಚುವಾನ್ ಕನ್ಸರ್ವೇಷನ್ ಹೌಸ್‌ನಲ್ಲೇ ಇಂಥ ಯಂತ್ರ ಇತ್ತು. ಗಾಳಿ ಸೋರದ ಹಾಗೆ ಮನೆ ಕಟ್ಟಿದ ಮೇಲೆ ಉಸಿರಾಡಲು ಏನಾದರೂ ಬೇಕಲ್ವಾ.)

ಈಗ ನಿಮ್ಮ ಊರಿನ ಲೆಕ್ಕ. ಮೈನಸ್ 20ರ ಗಾಳಿ ಹಿಡಿದಿಡುವ ನೀರು ಘನ ಮೀಟರಿಗೆ ಒಂದು ಗ್ರಾಂ ಕೂಡ ಇಲ್ಲ. ಅದನ್ನೇ 21ಕ್ಕೆ ಬಿಸಿ ಮಾಡಿದರೆ ತೇವ ಬರೀ 5% ಆಸುಪಾಸು. ಅಂದರೆ ಎಡ್ಮಂಟನ್, ವಿನಿಪೆಗ್, ಕ್ಯಾಲ್ಗರಿಯಲ್ಲಿ ಹೊರಗಿನ ಗಾಳಿ ಮನೆಯನ್ನು ಹಪ್ಪಳದ ಹಾಗೆ ಒಣಗಿಸುತ್ತದೆ. ದೊಡ್ಡ ಮನೆ, ಇಬ್ಬರೇ ಇದ್ದೀರಿ, ಮರದ ನೆಲ ಬಿರುಕು ಬಿಡ್ತಿದೆ ಅಂದ್ರೆ ಇಆರ್‌ವಿ ನೋಡಿ. ಅದೇ ಊರಲ್ಲಿ ಆರು ಜನ, ದಿನಕ್ಕೆ ಮೂರು ಹೊತ್ತು ಅಡುಗೆ ಅಂದ್ರೆ ಎಚ್‌ಆರ್‌ವಿ. ವ್ಯಾಂಕೂವರ್ ಬೇರೆಯೇ. ಅಲ್ಲಿ ಚಳಿಗಾಲ ಅಂದರೆ 5 ಡಿಗ್ರಿ ಮತ್ತು ಮಳೆ. ಆ ಒದ್ದೆ ಗಾಳಿ ಬಿಸಿಯಾದ ಮೇಲೂ 30%ಗಿಂತ ಜಾಸ್ತಿ ತೇವ ಇಟ್ಟುಕೊಂಡಿರುತ್ತದೆ, ಒಣಗಿಸುವ ಶಕ್ತಿ ಕಡಿಮೆ, ಹಾಗಾಗಿ ಬಹುತೇಕ ಮನೆಗಳಿಗೆ ಅಲ್ಲಿ ಎಚ್‌ಆರ್‌ವಿಯೇ ಸರಿ. ಟೊರೊಂಟೊ ಕಡೆ ಬೇಸಿಗೆಯಲ್ಲಿ ಮಂಗಳೂರಿನ ಸೆಕೆ ನೆನಪಾಗುತ್ತದೆ. ಎಸಿ ಓಡುವಾಗ ಹೊರಗಿನ ತೇವದಲ್ಲಿ ಒಂದಿಷ್ಟನ್ನು ಇಆರ್‌ವಿ ತಡೆಯುತ್ತದೆ. ಈಗ ನಾವು ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿದ್ದೇವೆ, ನಾಲ್ಕೇ ಜನ, ಇಲ್ಲಿ ನಾನು ಹಾಕಿಸಿದ್ದು ಇಆರ್‌ವಿ. ಎಡ್ಮಂಟನ್‌ನಲ್ಲಿ ಬೈದಿದ್ದನ್ನೇ ಇಲ್ಲಿ ದುಡ್ಡು ಕೊಟ್ಟು ತಗೊಂಡೆ.

ಆದ್ದರಿಂದ ಮೊದಲು ಗಾಳಿಯ ತೇವ ಅಳೆಯುವ ಒಂದು ಅಗ್ಗದ ಹೈಗ್ರೋಮೀಟರ್ ತಗೊಳ್ಳಿ. ಎರಡು ವಾರ ಮಲಗುವ ಕೋಣೆಯಲ್ಲಿಡಿ. ಕಡು ಚಳಿಯಲ್ಲಿ 30% ಹತ್ತಿರ ಇದ್ದರೆ ಸರಿ. 45% ತೋರಿಸಿ ಗಾಜು ಬೆವರುತ್ತಿದ್ದರೆ ತೇವ ಹೊರಗೆ ಹೋಗಬೇಕು. 20%ಗಿಂತ ಕೆಳಗಿದ್ದರೆ ಉಳಿಸಿಕೊಳ್ಳಬೇಕು.

ಸೈಜ್ ವಿಷಯ. ಮನೆಗೆ ಎಷ್ಟು ಹೊಸ ಗಾಳಿ ಬೇಕು ಅಂತ ಹೇಳುವ ಕೆನಡಾದ ಎಫ್326 ಸ್ಟ್ಯಾಂಡರ್ಡ್ ಪ್ರಕಾರ ಪ್ರತಿ ಕೋಣೆಗೆ ಸೆಕೆಂಡಿಗೆ 5 ಲೀಟರ್, ಮಾಸ್ಟರ್ ಬೆಡ್‌ರೂಮಿಗೆ ಮತ್ತು ಬೇಸ್‌ಮೆಂಟಿಗೆ 10. ಮೂರು ಬೆಡ್‌ರೂಮ್, ಎರಡು ಬಚ್ಚಲು, ಅಡುಗೆಮನೆ, ಹಾಲ್, ಊಟದ ಕೋಣೆ, ಲಾಂಡ್ರಿ, ಬೇಸ್‌ಮೆಂಟ್ ಎಲ್ಲ ಕೂಡಿದರೆ 60 ಲೀಟರ್, ಅಂದರೆ ಸುಮಾರು 127 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಅಷ್ಟನ್ನು ಫುಲ್ ಸ್ಪೀಡಿನಲ್ಲಿ ಏದುಸಿರು ಬಿಟ್ಟು ಕೊಡುವ ಯಂತ್ರ ಬೇಡ, ಸ್ವಲ್ಪ ದೊಡ್ಡದು ತಗೊಂಡು ನಿಧಾನವಾಗಿ ಓಡಿಸಿ. ಸದ್ದು ಜಾಸ್ತಿ ಆದರೆ ಮನೆಯವರು ಒಂದು ವಾರದಲ್ಲಿ ಆಫ್ ಮಾಡಿಬಿಡುತ್ತಾರೆ, ಖಂಡಿತ.

ಬ್ರೋಷರಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ ಪರ್ಸೆಂಟ್ ನಂಬಬೇಡಿ. ಎಚ್‌ವಿಐ (ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟ್) ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಹುಡುಕಿ. ಅಲ್ಲಿ ಸೆನ್ಸಿಬಲ್ ರಿಕವರಿ ಎಫಿಶಿಯೆನ್ಸಿ ಅಂತ ಒಂದು ಅಂಕಿ ಇರುತ್ತದೆ, ಯಂತ್ರ ನಿಜವಾಗಿ ಎಷ್ಟು ಬಿಸಿ ಉಳಿಸುತ್ತದೆ ಅನ್ನುವುದು. ಅದನ್ನೇ ಹೋಲಿಸಿ. ಪಕ್ಕದಲ್ಲಿ 'ಅಪೇರೆಂಟ್' ಅಂತ ಇರುವುದು ಯಾವಾಗಲೂ ದೊಡ್ಡದು, ಸೇಲ್ಸಿನವರು ಅದನ್ನೇ ಓದುತ್ತಾರೆ. ಪ್ರೈರಿ ಕಡೆಯವರು (ಎಡ್ಮಂಟನ್, ವಿನಿಪೆಗ್, ಕ್ಯಾಲ್ಗರಿಯಂಥ ಬಯಲು ಸೀಮೆಯವರು) 0 ಡಿಗ್ರಿಯ ಅಂಕಿ ಬಿಟ್ಟು ಮೈನಸ್ 25ರದ್ದು ನೋಡಿ. ಆ ಅಂಕಿಯೇ ಇಲ್ಲದಿದ್ದರೆ ಆ ಮಾಡೆಲ್ ಬಿಡಿ. ಆ ಚಳಿಯಲ್ಲಿ ಒಳಗಿನ ತೇವ ಕೋರ್‌ನಲ್ಲೇ ಐಸ್ ಆಗಿ ಕಟ್ಟುತ್ತದೆ, ಅದನ್ನು ಕರಗಿಸಲು ಯಂತ್ರ ಆಗಾಗ ಡಿಫ್ರಾಸ್ಟ್‌ಗೆ ಹೋಗುತ್ತದೆ. ಕೆಲವು ಯಂತ್ರಗಳು ಹೊರಗಿನ ಡ್ಯಾಂಪರ್ (ಪೈಪಿನ ಮುಚ್ಚಳ) ಮುಚ್ಚಿ ಮನೆಯ ಬೆಚ್ಚಗಿನ ಗಾಳಿಯನ್ನೇ ಸುತ್ತಿಸುತ್ತವೆ. ಕೆಲವು ಒಳ ಬರುವ ಫ್ಯಾನ್ ಮಾತ್ರ ನಿಲ್ಲಿಸುತ್ತವೆ, ಆಗ ಗಾಳಿ ಹೊರಗೆ ಮಾತ್ರ ಹೋಗುತ್ತಾ ಮನೆಯೊಳಗೆ ಒತ್ತಡ ಇಳಿಯುತ್ತದೆ. ಚಿಮಣಿ ಇರುವ ಹಳೇ ಗ್ಯಾಸ್ ಹೀಟರ್ ಅಥವಾ ಕಟ್ಟಿಗೆ ಒಲೆ ಇದ್ದರೆ ಹೊಗೆ ಹಿಂದಕ್ಕೆ ಬರಬಹುದು. ಅಂಥ ಮನೆಗೆ ಎರಡನೇ ಬಗೆ ಬೇಡವೇ ಬೇಡ.

ಒಗ್ಗರಣೆ ಹೊಗೆ ಈ ಯಂತ್ರಕ್ಕೆ ಬಿಡಬೇಡಿ. ಒಲೆಯ ಮೇಲಿನ ಹುಡ್‌ಗೆ ಬೇರೆ ಪೈಪ್, ನೇರ ಹೊರಗೆ. ಎಣ್ಣೆ ಜಿಡ್ಡು ಕೋರ್‌ಗೆ ಹೋದರೆ ತೊಳೆದು ತೊಳೆದು ಸಾಕಾಗುತ್ತದೆ.

ಹಾಕಿಸುವಾಗ ಎರಡು ಮಾತು ಕೇಳಿ. ಒಂದು, ಬ್ಯಾಲೆನ್ಸ್ ಮಾಡಿದಿರಾ? ಒಳಗೆ ಬರುವಷ್ಟೇ ಗಾಳಿ ಹೊರಗೂ ಹೋಗಬೇಕು, ಅದನ್ನು ಅಳೆದು ಬರೆದುಕೊಡಲಿ. ನಮಗೆ ಮೊದಲು ಬಂದವನು ಕೈ ಹಿಡಿದು ನೋಡಿ "ಚೆನ್ನಾಗಿ ಬರ್ತಿದೆ" ಅಂದ. ಅದು ಅಳತೆ ಅಲ್ಲ. ಎರಡು, ಗಾಳಿ ಎಳೆಯುವ ಬಾಯಿ ಎಲ್ಲಿ? ಹಿಮ ಮುಚ್ಚದಷ್ಟು ಎತ್ತರ ಇರಬೇಕು, ಹಳೇ ಗಾಳಿ ಬಿಡುವ ಬಾಯಿಯಿಂದ 6 ಅಡಿಯಾದರೂ ದೂರ ಇರಲಿ, ಡ್ರೈಯರ್ ಪೈಪ್, ಕಾರು ನಿಲ್ಲಿಸುವ ಜಾಗ ಹತ್ತಿರ ಇರಬಾರದು.

ಬೆಂಗಳೂರಿನ ಅಣ್ಣ "ನಮಗೂ ಒಂದು ಬೇಕಾ?" ಅಂತ ಕೇಳಿದ. ಒಳಗೂ ಹೊರಗೂ ಹತ್ತು ಡಿಗ್ರಿ ವ್ಯತ್ಯಾಸ ಇಲ್ಲದ ಊರಲ್ಲಿ ಉಳಿಸುವ ಬಿಸಿ ಎಲ್ಲಿದೆ ಮಾರಾಯ, ಕಿಟಕಿ ತೆಗಿ ಅಂದೆ.

ಹಾಕಿಸಿದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಫಿಲ್ಟರ್, ವರ್ಷಕ್ಕೊಮ್ಮೆ ಕೋರ್ ಸ್ವಚ್ಛ ಮಾಡಿ. ಎಡ್ಮಂಟನ್‌ನವರು ಜೂನ್‌ನಲ್ಲಿ ಹೊರಗಿನ ಜಾಲರಿಯನ್ನೂ ನೋಡಿ. ಪಾಪ್ಲರ್ ಮರದ ಹತ್ತಿ ಹಾರಿ ಬಂದು ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಹಳೇ ಟೂತ್‌ಬ್ರಶ್ ಸಾಕು, ಐದು ನಿಮಿಷದ ಕೆಲಸ.