ಮೂಗುಪಟ್ಟಿಯಲ್ಲಿ ಎರಡು ಬೆರಳು, ಗೊಂತಿನಲ್ಲಿ ಹತ್ತು ಕೇಜಿ ಹುಲ್ಲು: ಡ್ರೆಸ್ಸಾಜ್ ಕುದುರೆ ಸಾಕುವ ನಮ್ಮ ರೀತಿ

ಸವಾರನ ಸಣ್ಣ ಸೂಚನೆಗೆ ಕುದುರೆ ನಿಗದಿತ ನಡೆಗಳನ್ನು ಮಾಡಿ ತೋರಿಸಿ ಅಂಕ ಪಡೆಯುವ ಕ್ರೀಡೆ ಡ್ರೆಸ್ಸಾಜ್. ಅದರಿಂದ ಕುದುರೆಗೆ ಹಿಂಸೆ ಆಗುತ್ತದೆಯೇ ಎಂಬ ಮಾತು ಬಂದರೆ ಎಲ್ಲರ ಕಣ್ಣೂ ಹೋಗುವುದು ಚಾವಟಿ, ಸವಾರನ ಹಿಮ್ಮಡಿಗೆ ಕಟ್ಟುವ ಲೋಹದ ಸ್ಪರ್, ಕುದುರೆಯ ಬಾಯೊಳಗಿನ ಲೋಹದ ಬಿಟ್‌ಗಳ ಕಡೆಗೆ. ಹೋಗಬೇಕಾದ್ದೇ. ಆದರೆ ಸವಾರಿ ನಡೆಯುವುದು ದಿನಕ್ಕೆ ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ಕುದುರೆ ಲಾಯದಲ್ಲಿರುತ್ತದೆ, ಮತ್ತು ಅರೇನಾದಲ್ಲಿ 'ಮೊಂಡು' ಅನ್ನಿಸಿಕೊಳ್ಳುವ ಕುದುರೆಯ ಮೊಂಡುತನ ಬಹಳ ಸಲ ಹುಟ್ಟುವುದು ಅಲ್ಲೇ. ಬೆಂಗಳೂರಿನ ಹೊರವಲಯದ ಲಾಯಗಳಲ್ಲಿ ಇರುವ ಕುದುರೆಗಳಲ್ಲಿ ಬಹುಪಾಲು ರೇಸಿನಿಂದ ಬಂದ, ಓಟಕ್ಕೆಂದೇ ಬೆಳೆಸುವ ತಳಿಯ ಥರೋಬ್ರೆಡ್‌ಗಳು. 450ರಿಂದ 500 ಕೇಜಿ ತೂಗುತ್ತವೆ, ಚರ್ಮ ತೆಳು, ಹೊಟ್ಟೆ ಸೂಕ್ಷ್ಮ. ಕೆಳಗಿನ ಲೆಕ್ಕವೆಲ್ಲ ಅಂಥ ಕುದುರೆಗೆ.

ಬೆಳಿಗ್ಗೆ ಐದಕ್ಕೆ ಮೇವು ಹಾಕುವ ಮೊದಲು ನೋಡುವುದು ಲದ್ದಿ. ಒಣಹುಲ್ಲು ತಿನ್ನುವ ಕುದುರೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕುತ್ತದೆ. ರಾತ್ರಿಯದು ನಾಲ್ಕೈದು ಗುಡ್ಡೆ ಇರಬೇಕು. ಎರಡೇ ಇದ್ದು, ಅದೂ ಸಣ್ಣ, ಗಟ್ಟಿ ಉಂಡೆಗಳಾಗಿದ್ದರೆ ಆ ದಿನ ಧಾನ್ಯ ಬಂದ್, ಸವಾರಿಯೂ ಬಂದ್. ಎರಡನೆಯದು ನೀರು. ತಾನಾಗಿ ತುಂಬಿಕೊಳ್ಳುವ ನೀರಿನ ಬಟ್ಟಲು ಅನುಕೂಲವೇ, ಆದರೆ ಕುದುರೆ ಎಷ್ಟು ಕುಡಿಯಿತು ಅಂತ ಅದು ಹೇಳುವುದಿಲ್ಲ. ಬಕೆಟ್ಟು ಹೇಳುತ್ತದೆ. ದಿನಕ್ಕೆ 25ರಿಂದ 45 ಲೀಟರ್ ಹೋಗಬೇಕು. ಆಮೇಲೆ ಒಸಡು: ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಜ್ವರದ ಮಾಪಕದಲ್ಲಿ 37.5ರಿಂದ 38.5 ಡಿಗ್ರಿ. ಒಂದೊಂದು ಕುದುರೆಗೂ ತನ್ನದೇ ಮಾಮೂಲು ಅಂಕಿ ಇರುತ್ತದೆ. ಅದು ಆರೋಗ್ಯವಾಗಿದ್ದಾಗಲೇ ಬರೆದಿಟ್ಟುಕೊಳ್ಳದಿದ್ದರೆ ಹುಷಾರಿಲ್ಲದ ದಿನ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಇನ್ನು ಮೇವು. ನಮ್ಮ ಕಡೆ ಹೆಚ್ಚು ಕೆಡುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಕುದುರೆಯ ಜಠರ ಚಿಕ್ಕದು, ಮತ್ತು ಅದರಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಆ ಆಮ್ಲವನ್ನು ಶಮನ ಮಾಡುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಬರುತ್ತದೆ. ಐದಾರು ಗಂಟೆ ಖಾಲಿ ಬಿಟ್ಟರೆ ಹುಣ್ಣಿಗೆ ದಾರಿ. ಹೀಗಾಗಿ ದಿನಕ್ಕೆ 9ರಿಂದ 10 ಕೇಜಿ ಒಣಹುಲ್ಲನ್ನು ನಾಲ್ಕು ಕಂತು ಮಾಡಿ, ಸಣ್ಣ ಕಣ್ಣಿನ ಬಲೆಯಲ್ಲಿ ಕಟ್ಟುತ್ತೇವೆ, ನಿಧಾನವಾಗಿ ಎಳೆದು ತಿನ್ನಲಿ ಅಂತ. ಎಲ್ಲಕ್ಕಿಂತ ದೊಡ್ಡ ಕಂತು ರಾತ್ರಿಗೆ. 'ಹೊಟ್ಟೆ ತುಂಬಿದರೆ ಓಡಲ್ಲ' ಅಂತ ಖಾಲಿ ಹೊಟ್ಟೆಯಲ್ಲಿ ಜೀನು ಹಾಕುವ ಹಳೆಯ ಅಭ್ಯಾಸವನ್ನು ಬಿಡಬೇಕು. ಸವಾರಿಗೆ ಅರ್ಧ ಗಂಟೆ ಮೊದಲು ಒಂದು ಕೇಜಿಯಷ್ಟು ಹುಲ್ಲೋ ಕುದುರೆಮಸಾಲೆ (ಲೂಸರ್ನ್) ಸೊಪ್ಪೋ ತಿಂದಿದ್ದರೆ ಜಠರದಲ್ಲಿ ನಾರಿನ ಒಂದು ಚಾಪೆ ಹಾಸಿದಂತಾಗಿ, ಓಡುವಾಗ ಆಮ್ಲ ಮೇಲ್ಭಾಗಕ್ಕೆ ಎರಚುವುದು ತಗ್ಗುತ್ತದೆ. ಬೇಡವೆನ್ನುವುದು ಹುಲ್ಲನ್ನಲ್ಲ, ಧಾನ್ಯವನ್ನು. ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬರುವ ಕುದುರೆಗೆ ಪೆಟ್ಟು ಕೊಡುವ ಮೊದಲು ಅದರ ಹೊಟ್ಟೆಯನ್ನು ವೈದ್ಯರಿಗೆ ತೋರಿಸಿ.

ಎರಡನೇ ತಪ್ಪು ಬೂಸಾ. ಗೋಧಿ ಬೂಸಾ, ಅಕ್ಕಿ ತೌಡು ಅಗ್ಗ, ಕುದುರೆ ಬಾಯಿ ಚಪ್ಪರಿಸಿ ತಿನ್ನುತ್ತದೆ. ಆದರೆ ಅವುಗಳಲ್ಲಿ ರಂಜಕ (ಫಾಸ್ಫರಸ್) ವಿಪರೀತ, ಸುಣ್ಣದಂಶ (ಕ್ಯಾಲ್ಸಿಯಂ) ತೀರಾ ಕಡಿಮೆ. ಕುದುರೆಗೆ ಬೇಕಾದ್ದು ಇದರ ತಿರುಗಾಮುರುಗಾ: ರಂಜಕ ಒಂದಿದ್ದರೆ ಸುಣ್ಣದಂಶ ಒಂದೂವರೆಯಿಂದ ಎರಡು. ಇದರ ಜೊತೆಗೆ ಹಸಿ ಮೇವು ಅಂತ ನೇಪಿಯರ್ ಹುಲ್ಲನ್ನೇ ದಿನವೂ ಕತ್ತರಿಸಿ ಹಾಕಿದರೆ, ಅದರಲ್ಲಿರುವ ಆಕ್ಸಲೇಟ್ ಇದ್ದಬದ್ದ ಸುಣ್ಣದಂಶವನ್ನೂ ಹಿಡಿದಿಟ್ಟುಕೊಂಡು ಲದ್ದಿಯಲ್ಲಿ ಹೊರಗೆ ಕಳಿಸುತ್ತದೆ. ಹಸುವಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಬಹುಮಟ್ಟಿಗೆ ಮುರಿಯುತ್ತವೆ, ಕುದುರೆಗೆ ಆ ಭಾಗ್ಯವಿಲ್ಲ; ಹಸುವಿಗೆ ಒಗ್ಗುವ ಹುಲ್ಲು ಕುದುರೆಗೂ ಒಗ್ಗುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಆಗ ದೇಹ ತನ್ನ ಮೂಳೆಯಿಂದಲೇ ಸುಣ್ಣ ಕಿತ್ತುಕೊಳ್ಳುತ್ತದೆ. ಕೊನೆಯ ಹಂತದಲ್ಲಿ ಮುಖದ ಮೂಳೆ ಊದಿಕೊಂಡು ಯಾರಿಗೂ ಕಾಣುತ್ತದೆ. ಮೊದಲ ಹಂತದಲ್ಲಿ ಕಾಣುವುದು ಇವತ್ತು ಈ ಕಾಲು, ನಾಳೆ ಆ ಕಾಲು ಎಂಬಂಥ ಸಣ್ಣ ಕುಂಟು ಮಾತ್ರ. ಡ್ರೆಸ್ಸಾಜ್ ಸವಾರನಿಗೆ ಅದು 'ಟ್ರಾಟ್‌ನ (ನಿಧಾನ ಓಟದ) ಲಯ ತಪ್ಪುತ್ತಿದೆ' ಅನ್ನಿಸುತ್ತದೆ, ಅವನು ಸ್ಪರ್ ತಾಗಿಸುತ್ತಾನೆ.

ನಾವು ಬೂಸಾವನ್ನು ದಿನಕ್ಕೆ ಅರ್ಧ ಕೇಜಿ ದಾಟಿಸುವುದಿಲ್ಲ. ನೇಪಿಯರ್ ಬದಲು ರೋಡ್ಸ್ ಹುಲ್ಲು ಇಲ್ಲವೇ ಓಟ್ಸ್ ಒಣಹುಲ್ಲು. ಒಂದೂವರೆಯಿಂದ ಎರಡು ಕೇಜಿ ಒಣ ಕುದುರೆಮಸಾಲೆ. ಬೂಸಾ ತಪ್ಪಿಸಲಾಗದ ದಿನಗಳಲ್ಲಿ 50 ಗ್ರಾಂ ಸುಣ್ಣಕಲ್ಲಿನ ಪುಡಿ, ಅಂದರೆ ಪಶು ಆಹಾರಕ್ಕೆಂದೇ ಮಾರುವ ಕ್ಯಾಲ್ಸಿಯಂ ಕಾರ್ಬೋನೇಟ್. ಗೋಡೆಗೆ ಬಳಿಯುವ ಸುಣ್ಣವೂ ಅಲ್ಲ, ಎಲೆಯಡಿಕೆ ಸುಣ್ಣವೂ ಅಲ್ಲ, ಅವು ಬಾಯಿ ಸುಡುತ್ತವೆ. ಹುರುಳಿ ಅರ್ಧದಿಂದ ಒಂದು ಕೇಜಿ, ರಾತ್ರಿ ನೆನೆಹಾಕಿ ಚೆನ್ನಾಗಿ ಬೇಯಿಸಿ ಆರಿಸಿದ್ದು. ಹಸಿ ಹುರುಳಿ ಸರಿಯಾಗಿ ಜೀರ್ಣವಾಗುವುದಿಲ್ಲ. ಉಪ್ಪು 40 ಗ್ರಾಂ, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ. ಧಾನ್ಯವೆಲ್ಲ ಸೇರಿ ಒಂದು ಹೊತ್ತಿಗೆ ಎರಡು ಕೇಜಿ ಮೀರಬಾರದು. ಮೈ ಹಿಡಿಯದ ಕುದುರೆಗೆ ಧಾನ್ಯ ಏರಿಸುವ ಬದಲು ಅಡುಗೆ ಎಣ್ಣೆಯನ್ನು 50 ಮಿಲೀಯಿಂದ ಶುರುಮಾಡಿ ಎರಡು ವಾರದಲ್ಲಿ 200 ಮಿಲೀಗೆ ತರುತ್ತೇವೆ. ಯಾವ ಮೇವನ್ನು ಬದಲಿಸುವುದಿದ್ದರೂ ಹತ್ತು ದಿನ ಹಳೆಯದಕ್ಕೆ ಹೊಸದನ್ನು ಬೆರೆಸುತ್ತ ಬರಬೇಕು.

ಹಾಸಿಗೆಗೆ ಮರದ ಹೊಟ್ಟು. ಭತ್ತದ ಹುಲ್ಲು ಹಾಸಿದರೆ ಬೇಸರಕ್ಕೆ ಅದನ್ನೇ ತಿಂದು ಕರುಳಲ್ಲಿ ಗಟ್ಟಿ ಕಟ್ಟಿಸಿಕೊಳ್ಳುವ ಕುದುರೆಗಳಿವೆ. ಬಯಲಿಗೆ ಬಿಡುವುದು ದಿನಕ್ಕೆ ನಾಲ್ಕು ಗಂಟೆಯಾದರೂ ಇರಬೇಕು, ಜೊತೆಗೊಂದು ಕುದುರೆಯೊಂದಿಗೆ. ಮಾರ್ಚ್, ಏಪ್ರಿಲ್‌ನಲ್ಲಿ ರಾತ್ರಿ ಬಿಟ್ಟು ಹಗಲು ಒಳಗಿಡುವುದು ಎಷ್ಟೋ ಮೇಲು. 'ಬೆಲೆಬಾಳುವ ಕುದುರೆ, ಗಾಯ ಮಾಡಿಕೊಂಡೀತು' ಎಂದು 12 ಅಡಿ ಚೌಕದ ಕೋಣೆಯಲ್ಲೇ ಕೂಡಿಹಾಕಿದ ಕುದುರೆ ಬಾಗಿಲ ಮರ ಕಚ್ಚುತ್ತ, ಎಡಕ್ಕೂ ಬಲಕ್ಕೂ ತೂಗುತ್ತ ನಿಲ್ಲುವುದನ್ನು ಕೆಟ್ಟ ಚಾಳಿ ಅನ್ನುತ್ತಾರೆ. ಚಾಳಿ ಯಾರದು ಎಂಬುದು ಬೇರೆ ಮಾತು.

ಗೊರಸನ್ನು ದಿನಕ್ಕೆರಡು ಸಲ ಕೊಕ್ಕೆಯಿಂದ ಕೆರೆದು ತೆಗೆಯಬೇಕು. ಮಳೆಗಾಲದಲ್ಲಿ ನಡುವಿನ ಮೆತ್ತನೆಯ ತ್ರಿಕೋನದ ಸಂದಿಯಿಂದ ಕೊಳೆತ ವಾಸನೆ, ಕಪ್ಪು ಕೀವು ಬಂದರೆ ಒಣ ನೆಲಕ್ಕೆ ಬದಲಿಸುವುದೇ ಅರ್ಧ ಔಷಧಿ. ಲಾಳ ಐದಾರು ವಾರಕ್ಕೊಮ್ಮೆ. ರೇಸಿನಿಂದ ಬಂದವುಗಳಿಗೆ ಮುಂಗೊರಸಿನ ತುದಿ ಉದ್ದ, ಹಿಮ್ಮಡಿ ತಗ್ಗು ಇರುವುದು ಸಾಮಾನ್ಯ; ಅದು ಒಂದೇ ಸಲಕ್ಕೆ ಸರಿಹೋಗುವುದಿಲ್ಲ, ಮೂರ್ನಾಲ್ಕು ಸರದಿ ಬೇಕು.

ಈಗ ಮೂಗುಪಟ್ಟಿ, ಅಂದರೆ ಕುದುರೆಯ ಮೂತಿಯ ಸುತ್ತ ಕಟ್ಟುವ ಪಟ್ಟಿ. ಅಳೆಯುವ ಜಾಗ ಮೂಗಿನ ನಟ್ಟನಡುವಿನ ಮೂಳೆಯ ಮೇಲೆ, ಕೆನ್ನೆಯ ಬದಿಯಲ್ಲಲ್ಲ. ಬದಿಯಲ್ಲಿ ಮೂಳೆಯಿಲ್ಲದ ತಗ್ಗಿದೆ. ಎಷ್ಟು ಬಿಗಿದರೂ ಬೆರಳು ನುಗ್ಗುತ್ತದೆ, ನೋಡಿದವರಿಗೆ ಸಡಿಲ ಅನ್ನಿಸುತ್ತದೆ. ನಡುಮೂಳೆಯ ಮೇಲೆ ದೊಡ್ಡವರ ಎರಡು ಬೆರಳು ಆರಾಮವಾಗಿ ಆಡಬೇಕು. ಎರಡು ಸುತ್ತು ಹಾಕಿ ಎಳೆಯುವ ಕ್ರ್ಯಾಂಕ್ ಪಟ್ಟಿ ರಾಟೆಯ ಹಾಗೆ ಕೆಲಸ ಮಾಡುತ್ತದೆ, ಕೈಗೆ ಹಗುರ ಅನ್ನಿಸಿದರೂ ಮೂಳೆಗೆ ಬೀಳುವ ಬಿಗಿ ಹೆಚ್ಚು. ಇಷ್ಟು ಬಿಗಿಯುವುದು ಏಕೆ ಅಂದರೆ ಕುದುರೆ ಬಾಯಿ ಬಿಟ್ಟರೆ ಅಂಕ ಹೋಗುತ್ತದೆ. ಅಂದರೆ ಬಾಯಿ ಬಿಡುವ ಕಾರಣ ಹಾಗೇ ಉಳಿದು, ಬಾಯಿಗೆ ಮಾತ್ರ ಬೀಗ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2025ರಲ್ಲಿ ಇದಕ್ಕೆಂದೇ ಒಂದು ಅಳತೆ ಉಪಕರಣ ತಂದಿತು, ಕೂಟದಲ್ಲಿ ತಪಾಸಣೆ ಮಾಡುವ ಒಬ್ಬೊಬ್ಬ ಸ್ಟೂವರ್ಡ್‌ನ ಬೆರಳು ಒಂದೊಂದು ದಪ್ಪ ಎಂಬ ತಕರಾರಿಗೆ ಅವಕಾಶವಿಲ್ಲದಂತೆ. ಸವಾರಿ ಮುಗಿದ ಮೇಲೆ ಟಾರ್ಚ್ ಹಿಡಿದು ತುಟಿಯ ಮೂಲೆ, ನಾಲಿಗೆ, ಬಿಟ್ ಕೂರುವ ಹಲ್ಲಿಲ್ಲದ ಒಸಡು ನೋಡಿ. ವರ್ಷಕ್ಕೊಮ್ಮೆ ಹಲ್ಲಿನ ಚೂಪು ಅಂಚು ಉಜ್ಜಿಸಬೇಕು. ಎಳೆಯ ಕುದುರೆಗೆ ವರ್ಷಕ್ಕೆರಡು ಸಲ.

ಸವಾರಿಯ ಲೆಕ್ಕ ಸರಳ. ಹತ್ತು ನಿಮಿಷ ಲಗಾಮು ಉದ್ದ ಬಿಟ್ಟು ನಡಿಗೆ. ಆಮೇಲೆ 20 ಮೀಟರ್ ವೃತ್ತದಲ್ಲಿ ಟ್ರಾಟ್, ಅದಕ್ಕಿಂತ ವೇಗದ ಕ್ಯಾಂಟರ್. ಐದಾರು ನಿಮಿಷಕ್ಕೊಮ್ಮೆ ಒಂದು ನಿಮಿಷ ಕತ್ತು ಚಾಚಲು ಬಿಡುವು. ಮೈ ಒಗ್ಗೂಡಿಸಿ ಮಾಡಿಸುವ ಕಲೆಕ್ಷನ್ ಕೆಲಸ ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು. ಅದು ಸ್ನಾಯುವಿನ ಕೆಲಸ, ದಣಿದ ಮೇಲೆ ಕುದುರೆ ಕತ್ತು ಮಡಚಿ ಮೋಸ ಮಾಡಲು ಕಲಿಯುತ್ತದೆ. ನಿಯಮ ಹೇಳುವುದು ನೆತ್ತಿ ಎಲ್ಲಕ್ಕಿಂತ ಮೇಲೆ, ಮೂಗು ನೆಲಕ್ಕೆ ಲಂಬವಾದ ಗೆರೆಗಿಂತ ತುಸು ಮುಂದೆ ಅಂತ. ಗಲ್ಲವನ್ನು ಎದೆಗೆ ಒತ್ತಿ ಓಡಿಸುವ ರೋಲ್ಕುರ್ ಪದ್ಧತಿಯನ್ನು 2010ರಲ್ಲಿ ಒಕ್ಕೂಟವೇ ಒಪ್ಪಲಾಗದು ಎಂದಿತು. ರೇಸ್ ಕುದುರೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ವೇಗ ಹೆಚ್ಚಿಸು ಅಂತಲೇ ಅದು ಕಲಿತು ಬಂದಿದೆ. ಎಳೆದಷ್ಟೂ ಓಡುತ್ತದೆ. ಮೊದಲ ಮೂರು ತಿಂಗಳು ನಡಿಗೆಯಲ್ಲೇ ನಿಲ್ಲು, ಹೊರಡು, ನಿಲ್ಲು, ಅಷ್ಟೇ. ನಿಂತ ಕ್ಷಣಕ್ಕೇ ಕೈ ಸಡಿಲವಾಗಬೇಕು; ಒಂದು ಸೆಕೆಂಡ್ ತಡವಾದರೂ ಪಾಠ ಕೆಡುತ್ತದೆ.

ಮಾಡೆಂದದ್ದನ್ನು ಮಾಡದಿದ್ದಾಗ ನೋವಿದೆಯೇ ಎಂದು ತಿಳಿಯಲು ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು ರೂಪಿಸಿದ 24 ಲಕ್ಷಣಗಳ ಪಟ್ಟಿ ಬಹಳ ಉಪಯೋಗಕ್ಕೆ ಬರುತ್ತದೆ: ಕಿವಿ ಐದು ಸೆಕೆಂಡಿಗೂ ಹೆಚ್ಚು ಹಿಂದಕ್ಕೆ ಮಲಗುವುದು, ಕಣ್ಣು ಅಷ್ಟೇ ಹೊತ್ತು ನೆಟ್ಟು ನಿಲ್ಲುವುದು, ಹತ್ತು ಸೆಕೆಂಡಿಗೂ ಮಿಕ್ಕಿ ಹಲ್ಲು ಅಗಲಿಸಿ ಬಾಯಿ ತೆರೆದು ಮುಚ್ಚುವುದು, ಬಾಲ ಬೀಸುವುದು, ಮುಗ್ಗರಿಸುವುದು ಇತ್ಯಾದಿ. ಎಂಟು ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಮೂಳೆ, ಸ್ನಾಯುವಿನ ನೋವಿರುವ ಸಾಧ್ಯತೆ ಬಲವಾಗಿದೆ. ಜೀನಿನ ಮೇಲೆ ಕೂತವರಿಗೆ ಇದು ಕಾಣುವುದಿಲ್ಲ. ತಿಂಗಳಿಗೊಮ್ಮೆ, ಕುದುರೆ ನೋಡಿಕೊಳ್ಳುವ ಸೈಸ್ ಕೈಗೆ ಮೊಬೈಲ್ ಕೊಟ್ಟು ಹತ್ತು ನಿಮಿಷ ವಿಡಿಯೋ ತೆಗೆಸಿ, ಮನೆಯಲ್ಲಿ ಕೂತು ಎಣಿಸುತ್ತೇನೆ. ಜೀನು ಬಿಚ್ಚಿದಾಗ ಬೆನ್ನಿನ ಬೆವರನ್ನೂ ನೋಡಬೇಕು. ಸುತ್ತ ಒದ್ದೆಯಾಗಿ ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಜೀನು ಒತ್ತುತ್ತಿರಬಹುದು.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮುನ್ನ ಬ್ರಿಟನ್ನಿನ ಷಾರ್ಲಟ್ ಡುಜಾರ್ಡಿನ್ ತರಬೇತಿಯಲ್ಲಿ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾವಟಿ ಬೀಸಿದ ವಿಡಿಯೋ ಹೊರಬಂದು, ಅವರು ಕೂಟದಿಂದ ಹಿಂದೆ ಸರಿದರು, ಒಂದು ವರ್ಷ ನಿಷೇಧವೂ ಆಯಿತು. ಹಾಂಗ್ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರಲ್ಲಿ ಭಾರತ ಡ್ರೆಸ್ಸಾಜ್ ತಂಡದ ಚಿನ್ನ ಗೆದ್ದ ಮೇಲೆ ಇಲ್ಲಿಯೂ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿ ಈ ವಿಡಿಯೋ ಬಗ್ಗೆ ಕೇಳುತ್ತಾರೆ. ಉತ್ತರ ಹೇಳುವ ಬದಲು ಅವರ ಎರಡು ಬೆರಳನ್ನು ಮೂಗುಪಟ್ಟಿಯೊಳಗೆ ತೂರಿಸಿ ನೋಡಲು ಹೇಳುತ್ತೇನೆ.

ಬೇಸಿಗೆ ಸವಾರಿಯ ನಂತರ ತಣ್ಣೀರು ಹಾಕಿದರೆ ಸ್ನಾಯು ಹಿಡಿಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಮೈಯೆಲ್ಲ ನೀರು ಸುರಿಯುತ್ತಲೇ ಇರಿ, ನಡುವೆ ಒರೆಸುತ್ತ ಕೂರಬೇಡಿ. ಉಸಿರು ಇಳಿದು ಎದೆಯ ಚರ್ಮ ಮುಟ್ಟಿದರೆ ತಂಪೆನಿಸುವವರೆಗೆ.

ರಾತ್ರಿ ಒಂಬತ್ತೂವರೆಗೆ ಕೊನೆಯ ಸುತ್ತು. ನಾಲ್ಕು ಕೇಜಿ ಹುಲ್ಲು, ಎರಡು ಬಕೆಟ್ ನೀರು. ದೀಪ ಆರಿಸುವ ಮೊದಲು ನಾಲ್ಕೂ ಕಾಲಿನ ಹಿಂಭಾಗದ ಸ್ನಾಯುರಜ್ಜುವಿನ ಮೇಲೆ ಬರಿಗೈ ಆಡಿಸಿ, ಯಾವುದರಲ್ಲಾದರೂ ಬಿಸಿ ಹತ್ತಿದರೆ ನಾಳೆಯ ಪಟ್ಟಿಯಲ್ಲಿ ಆ ಕುದುರೆಯ ಹೆಸರಿನ ಮುಂದೆ 'ರಜೆ' ಅಂತ ಬರೆದು ಬರುತ್ತೇವೆ.