ಇಂಗ್ಲಿಷ್ ವಾಕ್ಯ ಪೂರ್ಣವಾಗಿದೆಯೇ? ಮೊದಲು ವರ್ಬ್ ಹಿಡಿಯಿರಿ

ಇಂಗ್ಲಿಷ್‌ನಲ್ಲಿ ಬರೆದ ಅರ್ಜಿ, ಇಮೇಲ್‌ಗಳನ್ನು ‘ಸ್ವಲ್ಪ ನೋಡಿಕೊಡಿ’ ಎಂದು ತರುವವರಲ್ಲಿ ಹೆಚ್ಚಿನವರಿಗೆ ಪದಗಳ ಕೊರತೆ ಇರುವುದಿಲ್ಲ. ಸ್ಪೆಲ್ಲಿಂಗ್ ಸರಿ ಇರುತ್ತದೆ, ದೊಡ್ಡ ದೊಡ್ಡ ಪದಗಳೂ ಇರುತ್ತವೆ. ಆದರೆ ಎರಡು ಸಾಲು ಉದ್ದದ ವಾಕ್ಯದಲ್ಲಿ ಕ್ರಿಯಾಪದವೇ ಇರುವುದಿಲ್ಲ. ಮೊದಲು ಸಬ್ಜೆಕ್ಟ್, ಆಮೇಲೆ ವರ್ಬ್, ಕೊನೆಗೆ ಆಬ್ಜೆಕ್ಟ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತಾರೆ. ಬರೆಯುವಾಗ ಆ ಕ್ರಮ ಸರಿಯೇ. ಬರೆದದ್ದನ್ನು ಪರೀಕ್ಷಿಸುವಾಗ ಮಾತ್ರ ಅದು ಕೈಕೊಡುತ್ತದೆ. ಆಗ ಮೊದಲು ಹುಡುಕಬೇಕಾದದ್ದು ವರ್ಬ್. ಅದು ಸಿಕ್ಕಿದರೆ ಉಳಿದವು ಹಿಂದೆಯೇ ಬರುತ್ತವೆ.

ಬೇಕಾಗುವುದು ಒಂದು ಪೆನ್ಸಿಲ್ ಮತ್ತು ನೀವೇ ಬರೆದ ಒಂದು ಪುಟ. ವ್ಯಾಕರಣ ತಿದ್ದುವ ಆ್ಯಪ್‌ಗಳನ್ನು ಸದ್ಯಕ್ಕೆ ಮುಚ್ಚಿಡಿ. ಅವು ತಪ್ಪನ್ನು ತೋರಿಸಿ ತಾವೇ ತಿದ್ದಿಯೂ ಕೊಡುತ್ತವೆ. ಏಕೆ ತಪ್ಪು ಎಂಬುದು ನಿಮಗೆ ತಿಳಿಯದೆ, ಮರುದಿನ ಅದೇ ತಪ್ಪು ಮತ್ತೆ ಬರುತ್ತದೆ. ‘ತಿಂಗಳಲ್ಲಿ ಇಂಗ್ಲಿಷ್’ ಮಾದರಿಯ ಪುಸ್ತಕಗಳ ವಾಕ್ಯಪಟ್ಟಿಯೂ ಇದಕ್ಕೆ ಪ್ರಯೋಜನವಿಲ್ಲ.

ಹೆಜ್ಜೆ 1: ವರ್ಬ್ ಹುಡುಕಿ

ಎಲ್ಲರೂ ಎಡವುವುದು ಇಲ್ಲಿಯೇ. ‘ಕೆಲಸವನ್ನು ಸೂಚಿಸುವ ಪದವೇ ವರ್ಬ್’ ಎಂಬ ವ್ಯಾಖ್ಯೆಯನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಕೆಲಸವನ್ನು ಸೂಚಿಸಿಯೂ ವಾಕ್ಯವನ್ನು ಹೊರಲಾರದ ಪದಗಳು ಇಂಗ್ಲಿಷ್‌ನಲ್ಲಿ ಬೇಕಾದಷ್ಟಿವೆ. ವಾಕ್ಯವನ್ನು ಹೊರುವುದು ಕಾಲವನ್ನು ತೋರಿಸುವ ಪದ. ಆದ್ದರಿಂದ ಕಾಲವನ್ನೇ ಬದಲಿಸಿ ನೋಡಿ.

‘ದ ಗರ್ಲ್ ಸಿಟ್ಟಿಂಗ್ ನಿಯರ್ ದ ವಿಂಡೋ ರೈಟ್ಸ್ ಪೊಯಮ್ಸ್’ ಎಂಬ ವಾಕ್ಯ ತೆಗೆದುಕೊಳ್ಳಿ. ನಿನ್ನೆಯ ಮಾತಾದರೆ ‘ರೈಟ್ಸ್’ ಹೋಗಿ ‘ರೋಟ್’ ಬರುತ್ತದೆ, ನಾಳೆಗಾದರೆ ‘ವಿಲ್ ರೈಟ್’. ‘ಸಿಟ್ಟಿಂಗ್’ ಮೂರು ಸಲವೂ ಕದಲಲಿಲ್ಲ. ಕದಲಿದ್ದೇ ವರ್ಬ್. ‘ಶೀ ವಾಂಟ್ಸ್ ಟು ಗೋ’ ಎಂಬಲ್ಲಿಯೂ ‘ವಾಂಟ್ಸ್’ ಮಾತ್ರ ‘ವಾಂಟೆಡ್’ ಆಗುತ್ತದೆ, ‘ಟು ಗೋ’ ಹಾಗೆಯೇ ಉಳಿಯುತ್ತದೆ. ಕನ್ನಡದಲ್ಲಿ ‘ಹುಡುಗಿ ಕಿಟಕಿಯ ಬಳಿ ಕುಳಿತು’ ಎಂದು ನಿಲ್ಲಿಸಿದರೆ ‘ಕುಳಿತು? ಮುಂದೆ?’ ಎಂದು ಕೇಳುತ್ತೇವಲ್ಲ, ‘ಇಂಗ್’ ರೂಪ ಒಂಟಿಯಾಗಿ ನಿಂತಾಗಲೂ ಕೇಳಬೇಕಾದ ಪ್ರಶ್ನೆ ಅದೇ.

ಇನ್ನೂ ಮೋಸದ್ದು ‘ಎಡ್’ ರೂಪ. ಅರ್ಜಿಗಳಲ್ಲಿ ಇಂಥ ಸಾಲು ಸಾಮಾನ್ಯ: ‘ದ ಡಾಕ್ಯುಮೆಂಟ್ಸ್ ಸಬ್ಮಿಟೆಡ್ ಬೈ ಮಿ ಲಾಸ್ಟ್ ವೀಕ್ ಅಲಾಂಗ್ ವಿತ್ ಮೈ ಅಪ್ಲಿಕೇಶನ್.’ ಉದ್ದವಿದೆ, ಗಂಭೀರವಾಗಿದೆ, ‘ಸಬ್ಮಿಟೆಡ್’ ಭೂತಕಾಲದಂತೆಯೂ ಕಾಣುತ್ತದೆ. ಅದನ್ನು ದಿನವೂ ನಡೆಯುವ ಮಾತಾಗಿ ಬದಲಿಸಿ ನೋಡಿ. ‘ಡಾಕ್ಯುಮೆಂಟ್ಸ್ ಸಬ್ಮಿಟ್’ ಎಂದಾಗುತ್ತದೆ. ಅಂದರೆ ದಾಖಲೆಗಳೇ ಏನನ್ನೋ ಸಲ್ಲಿಸುತ್ತಿವೆ ಎಂಬ ಅರ್ಥ! ಇಲ್ಲಿ ‘ಸಬ್ಮಿಟೆಡ್’ ಎಂದರೆ ‘ಸಲ್ಲಿಸಿದ’ ಅಷ್ಟೇ, ‘ಸಲ್ಲಿಸಲಾಯಿತು’ ಅಲ್ಲ. ರಿಪೇರಿಗೆ ಎರಡು ದಾರಿ. ‘ಸಬ್ಮಿಟೆಡ್’ಗೆ ಮೊದಲು ‘ವರ್’ ಸೇರಿಸಬಹುದು. ಇಲ್ಲವೇ ಇಡೀ ಸಾಲನ್ನು ಹಾಗೆಯೇ ಬಿಟ್ಟು, ಆ ದಾಖಲೆಗಳಿಗೆ ಏನಾಯಿತು ಎಂಬುದನ್ನು ಕೊನೆಗೆ ಹೇಳಬಹುದು: ‘...ಆರ್ ಮಿಸ್ಸಿಂಗ್’. ಬರೆದವರು ಹೇಳಹೊರಟಿದ್ದು ಯಾವುದು ಎಂಬುದರ ಮೇಲೆ ಆಯ್ಕೆ ನಿಂತಿದೆ.

ಇನ್ನು ‘ಈಸ್, ಆರ್, ವಾಸ್, ವರ್’. ಇವು ಯಾವ ಕೆಲಸವನ್ನೂ ಸೂಚಿಸುವುದಿಲ್ಲ, ಆದರೂ ಅಸಲಿ ವರ್ಬ್‌ಗಳೇ. ‘ಅವಳು ಡಾಕ್ಟರ್’ ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು. ಇಂಗ್ಲಿಷ್‌ಗೆ ನಡುವೆ ‘ಈಸ್’ ಬೇಕೇ ಬೇಕು. ಚಿಕ್ಕ ವಾಕ್ಯದಲ್ಲಿ ಯಾರೂ ಇದನ್ನು ಮರೆಯುವುದಿಲ್ಲ. ‘ದ ಮೇನ್ ರೀಸನ್ ಫಾರ್ ದ ಡಿಲೇ ಹೆವಿ ರೇನ್’ ಎಂಬಂಥ ಉದ್ದದ ವಾಕ್ಯದಲ್ಲಿ ಮರೆಯುತ್ತಾರೆ. ಕಾಲ ಬದಲಿಸಲು ಹೊರಟರೆ ಬದಲಿಸಲು ಒಂದು ಪದವೂ ಸಿಗದು. ಆಗ ‘ಡಿಲೇ’ ನಂತರ ‘ವಾಸ್’ ಬಿಟ್ಟುಹೋಗಿದೆ ಎಂದು ತಾನಾಗಿ ತಿಳಿಯುತ್ತದೆ.

ಪುಟದ ಪ್ರತಿ ವಾಕ್ಯದಲ್ಲೂ ಕಾಲ ತೋರಿಸುವ ಪದಕ್ಕೆ ಎರಡು ಗೆರೆ ಎಳೆಯಿರಿ. ಗೆರೆ ಬೀಳದ ವಾಕ್ಯವನ್ನು ದಾಟಿ ಮುಂದೆ ಹೋಗಬೇಡಿ.

ಹೆಜ್ಜೆ 2: ಯಾರು, ಯಾವುದು ಎಂದು ಕೇಳಿ

ಸಿಕ್ಕ ವರ್ಬ್‌ಗೆ ಈ ಪ್ರಶ್ನೆ ಹಾಕಿದರೆ ಬರುವ ಉತ್ತರವೇ ಸಬ್ಜೆಕ್ಟ್, ನಮ್ಮ ವ್ಯಾಕರಣದ ಕರ್ತೃ. ‘ಆಫ್’ ಹಿಂದೆ ಮುಂದೆ ಎಚ್ಚರವಿರಲಿ. ‘ದ ಕಲರ್ ಆಫ್ ದ ವಾಲ್ಸ್’ ಎಂಬಲ್ಲಿ ಸಬ್ಜೆಕ್ಟ್ ಬಣ್ಣ, ಗೋಡೆಗಳಲ್ಲ. ಹಾಗಾಗಿ ‘ಈಸ್’, ‘ಆರ್’ ಅಲ್ಲ. ‘ಆಫ್’ನಿಂದ ಶುರುವಾಗುವ ತುಂಡನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿ ಓದಿದರೆ ಗೊಂದಲ ಇರುವುದಿಲ್ಲ.

ಕರ್ತೃವನ್ನು ಬಿಟ್ಟುಬಿಡುವ ಅಭ್ಯಾಸ ನಮಗೆ ಕನ್ನಡದಿಂದ ಬಂದದ್ದು. ‘ಬಂದೆ’ ಎಂದರೆ ಬಂದವರು ಯಾರೆಂದು ಕ್ರಿಯಾಪದದ ತುದಿಯೇ ಹೇಳುತ್ತದೆ. ‘ಕೇಮ್’ ಎಂಬುದು ನಾನು, ನೀನು, ಅವರು ಎಲ್ಲರಿಗೂ ಒಂದೇ. ಹಾಗಾಗಿ ಕರ್ತೃವನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳಲು ಕರ್ತೃವೇ ಇಲ್ಲದಿದ್ದರೂ ಇಂಗ್ಲಿಷ್ ಬಿಡುವುದಿಲ್ಲ, ಆ ಖಾಲಿ ಕುರ್ಚಿಯಲ್ಲಿ ‘ಇಟ್’ ಅನ್ನು ಕೂರಿಸುತ್ತದೆ. ‘ಇಟ್ ಈಸ್ ವೆರಿ ಹಾಟ್ ಟುಡೇ’ ಎಂಬಲ್ಲಿ ‘ಇಟ್’ ಎಂದರೆ ಯಾವುದು ಎಂದು ಹುಡುಕಬೇಡಿ, ಯಾವುದೂ ಅಲ್ಲ. ವಿನಾಯಿತಿ ಇರುವುದು ಆಜ್ಞೆಗೆ: ‘ಸಿಟ್’ ಎಂಬ ಒಂದೇ ಪದ ಪೂರ್ಣ ವಾಕ್ಯ, ‘ಯೂ’ ಅದರೊಳಗೇ ಅಡಗಿದೆ.

ಹೆಜ್ಜೆ 3: ವರ್ಬ್‌ಗೆ ಇನ್ನೇನಾದರೂ ಬೇಕೇ?

‘ಬರ್ಡ್ಸ್ ಫ್ಲೈ’ ಎಂಬುದಕ್ಕೆ ಏನೂ ಬೇಡ. ‘ಐ ಲೈಕ್ಡ್’ ಎಂದು ನಿಲ್ಲಿಸುವಂತಿಲ್ಲ, ಏನನ್ನು ಎಂಬ ಕರ್ಮ ಬೇಕು. ‘ಇಷ್ಟವಾಯಿತು’ ಎಂದಷ್ಟೇ ಹೇಳಿ ರೂಢಿಯಾದವರು ‘ಇಟ್’ ಸೇರಿಸುವುದನ್ನು ಇಲ್ಲಿಯೂ ಮರೆಯುತ್ತಾರೆ. ‘ಪುಟ್’ಗೆ ಏನನ್ನು, ಎಲ್ಲಿ ಎರಡೂ ಬೇಕು. ಇದಕ್ಕೆ ಒಂದೇ ಸೂತ್ರವಿಲ್ಲ. ಹೊಸ ವರ್ಬ್ ಕಲಿಯುವಾಗ ಅದರ ಅರ್ಥವನ್ನಷ್ಟೇ ಬರೆದುಕೊಳ್ಳದೆ ಒಂದು ಪೂರ್ತಿ ವಾಕ್ಯವನ್ನೇ ಬರೆದುಕೊಳ್ಳಿ.

ಪದಗಳ ಜಾಗವೂ ಇಲ್ಲಿ ಮುಖ್ಯ. ‘ಹುಡುಗನನ್ನು ಮೇಷ್ಟ್ರು ಹೊಗಳಿದರು’ ಎಂದು ತಿರುಗಿಸಿ ಹೇಳಿದರೂ ‘ಅನ್ನು’ ಪ್ರತ್ಯಯ ಅರ್ಥವನ್ನು ಕಾಯುತ್ತದೆ. ‘ದ ಟೀಚರ್ ಪ್ರೇಸ್ಡ್ ದ ಬಾಯ್’ ಎಂಬುದನ್ನು ತಿರುಗಿಸಿದರೆ ಹುಡುಗನೇ ಮೇಷ್ಟ್ರನ್ನು ಹೊಗಳಿದಂತಾಗುತ್ತದೆ.

ಹೆಜ್ಜೆ 4: ತಲೆಯಲ್ಲಿ ‘ಬಿಕಾಸ್’ ಇದೆಯೇ ನೋಡಿ

‘ಬಿಕಾಸ್ ದ ಬಸ್ ವಾಸ್ ಲೇಟ್.’ ವರ್ಬ್ ಇದೆ, ಸಬ್ಜೆಕ್ಟ್ ಇದೆ, ಆದರೂ ಅಪೂರ್ಣ. ‘ಬಿಕಾಸ್’, ‘ಆಲ್ದೋ’, ‘ಇಫ್’, ‘ವೆನ್’ ತಲೆಯ ಮೇಲೆ ಕುಳಿತರೆ ವಾಕ್ಯ ಇನ್ನೊಂದು ವಾಕ್ಯಕ್ಕಾಗಿ ಕಾಯುತ್ತದೆ. ‘ಐ ಮಿಸ್ಡ್ ದ ಮೀಟಿಂಗ್’ ಎಂದು ಸೇರಿಸಿದರೆ ಮುಗಿಯಿತು. ‘ಬಿಕಾಸ್‌ನಿಂದ ವಾಕ್ಯ ಶುರು ಮಾಡಲೇಬಾರದು’ ಎಂಬುದು ಮಕ್ಕಳನ್ನು ಹೆದರಿಸಲು ಮಾಡಿದ ನಿಯಮ. ಮುಖ್ಯ ವಾಕ್ಯ ಹಿಂದೆಯೇ ಬರುವುದಾದರೆ ಧಾರಾಳವಾಗಿ ಶುರು ಮಾಡಿ. ‘ಆಲ್ದೋ’ ಹಾಕಿದ ಮೇಲೆ ಮುಂದೆ ‘ಬಟ್’ ಹಾಕಬೇಡಿ, ಎರಡರಲ್ಲಿ ಒಂದು ಸಾಕು.

ದೊಡ್ಡಕ್ಷರದಿಂದ ಆರಂಭ, ಕೊನೆಗೆ ಫುಲ್‌ಸ್ಟಾಪ್: ಇದು ಎಲ್ಲರಿಗೂ ಗೊತ್ತು.

ಎಲ್ಲದರ ಮೇಲೂ ಈ ಪರೀಕ್ಷೆ ಹೇರಲು ಹೋಗಬೇಡಿ. ಶೀರ್ಷಿಕೆಗೆ, ‘ಗುಡ್ ಮಾರ್ನಿಂಗ್’ಗೆ, ಕೇಳಿದ ಪ್ರಶ್ನೆಗೆ ಕೊಡುವ ‘ಟುಮಾರೋ’ ಎಂಬ ಉತ್ತರಕ್ಕೆ ಪೂರ್ಣತೆಯ ಹಂಗಿಲ್ಲ. ಆದರೆ ‘ವಿತ್ ರೆಫರೆನ್ಸ್ ಟು ಯುವರ್ ಲೆಟರ್’ ಎಂದು ಬರೆದು ಫುಲ್‌ಸ್ಟಾಪ್ ಇಟ್ಟು, ಮುಂದಿನ ಸಾಲಿಗೆ ಹಾರುವ ಕಚೇರಿ ಪತ್ರಗಳಿಗೆ ಈ ವಿನಾಯಿತಿ ಇಲ್ಲ.